ಬಳೆ, ಬಟ್ಟೆ ಗೊಂಬೆ, ಒಂದು ಜಗ್ ಕೆಂಪು ನೀರು

"ಏನ್ ಮಾಡ್ತಿದ್ದೀಯವ್ವಾ? ಹೇಳಿ ಮುಟ್ಟು" ಅಂತ ಒಬ್ಬ ಬಸುರಿ ನನ್ನ ವಿದ್ಯಾರ್ಥಿನಿಯ ಮಣಿಕಟ್ಟು ಹಿಡಿದಿದ್ದಳು. ಹುಡುಗಿ ಜಿಎನ್‌ಎಂ, ಅಂದರೆ ನರ್ಸಿಂಗ್ ಮತ್ತು ಹೆರಿಗೆ ಮಾಡಿಸುವ ಕೋರ್ಸ್ ಓದುತ್ತಿದ್ದಳು. ಒಳಗೆ ಮಗು ಹೇಗಿದೆ ಅಂತ ಹೊಟ್ಟೆ ಮುಟ್ಟಿ ನೋಡುವ ನಾಲ್ಕು ಗ್ರಿಪ್ (ಕೈಹಿಡಿತ) ಅವಳಿಗೆ ಬಾಯಿಪಾಠ. ಆದರೆ ಕೈ ತಣ್ಣಗಿತ್ತು, ಬಾಯಿಂದ ಮಾತೇ ಹೊರಡಲಿಲ್ಲ. ತಪ್ಪು ನನ್ನದು. ನಾನು ಕಲಿಸಿದ್ದು ಪ್ಲಾಸ್ಟಿಕ್ ಮಾಡೆಲ್ ಮೇಲೆ. ಮಾಡೆಲ್‌ಗೆ ಯಾರೂ ಹೇಳಿ ಮುಟ್ಟುವುದಿಲ್ಲ ಅಲ್ವಾ?

ಆಮೇಲಿಂದ ಹುಡುಗಿಯರನ್ನು ಆಸ್ಪತ್ರೆ ಪೋಸ್ಟಿಂಗ್‌ಗೆ ಕಳಿಸುವ ಮೊದಲು ಹೊಟ್ಟೆಯನ್ನು ನಾನೇ ಕಟ್ಟಿಕೊಳ್ಳುತ್ತೇನೆ. ಬನಿಯನ್ ಬಟ್ಟೆಯ ಚೀಲ, ಒಳಗೆ ಬಟ್ಟೆ ಗೊಂಬೆ, ಆಚೀಚೆ ನೀರು ತುಂಬಿದ ಬಲೂನು. ಗೊಂಬೆಯ ತಲೆಗೆ ರಬ್ಬರ್ ಚೆಂಡು, ಕುಂಡಿಗೆ ಹತ್ತಿ. ತಲೆ ಗಟ್ಟಿಯಾಗಿ ದುಂಡಗೆ ಸಿಗಬೇಕು, ಬೆರಳುಗಳ ನಡುವೆ ಅಲ್ಲಾಡಬೇಕು. ಕುಂಡಿ ಮೆತ್ತಗೆ, ಅಗಲವಾಗಿ ಸಿಗಬೇಕು. ಒಂದೊಂದು ದಿನ ಮಗುವನ್ನು ಅಡ್ಡ ಇಟ್ಟಿರುತ್ತೇನೆ, ಯಾರಿಗೂ ಹೇಳುವುದಿಲ್ಲ. ಹುಡುಗಿ ಪರದೆ ಎಳೆದು, ತನ್ನ ಹೆಸರು ಹೇಳಿ, ಮೂತ್ರಕ್ಕೆ ಹೋಗಿಬಂದಿರಾ ಅಂತ ಕೇಳಿ, ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಮುಟ್ಟಬೇಕು. ಮರೆತರೆ ನಾನೂ ಮಣಿಕಟ್ಟು ಹಿಡಿಯುತ್ತೇನೆ.

ಹೆರಿಗೆ ನೋವಿನ ಹೊತ್ತಲ್ಲಿ ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಅಂತ ಬೆರಳಲ್ಲಿ ಅಂದಾಜು ಮಾಡುವುದು ಇನ್ನೂ ಕಷ್ಟ. ಅದಕ್ಕೆ ಫ್ಯಾನ್ಸಿ ಸ್ಟೋರಿನ ಬಳೆ ತಂದೆ. 2-4 ಸೈಜಿನ ಬಳೆಯ ಒಳ ಅಗಲ ಸುಮಾರು 5.7 ಸೆಂ.ಮೀ. ಮಕ್ಕಳ 1-12 ಬಳೆ ಸುಮಾರು 4.4. ಬಾಯಿ ಪೂರ್ತಿ ತೆರೆದರೆ ಹತ್ತು ಸೆಂಟಿಮೀಟರ್, ಅದಕ್ಕೆ ಯಾವ ಬಳೆಯೂ ಸಾಲದು, ರಟ್ಟು ಕತ್ತರಿಸಿಕೊಂಡೆ. ಎಲ್ಲವನ್ನೂ ಬಟ್ಟೆಯ ಕೆಳಗೆ ಇಡುತ್ತೇನೆ. ಎರಡು ಬೆರಳು ಬಿಡಿಸಿ, ಕಣ್ಣು ಮುಚ್ಚಿ ಅಂಕಿ ಹೇಳಬೇಕು. ಆಮೇಲೆ ಸ್ಕೇಲು. ಮೊದಲ ದಿನ ಒಂದೇ ಬಳೆಗೆ ಒಬ್ಬಳು ಮೂರು ಅಂದರೆ ಇನ್ನೊಬ್ಬಳು ಆರು ಅನ್ನುತ್ತಾಳೆ. ಇದನ್ನು ಸುಮ್ನೆ ಬಿಡುವ ಹಾಗಿಲ್ಲ. ಹೆರಿಗೆ ಹೇಗೆ ಸಾಗುತ್ತಿದೆ ಅಂತ ಗುರುತು ಹಾಕಲು ನಾವು ಬಳಸುವ ಚಾರ್ಟ್, ಪಾರ್ಟೋಗ್ರಾಫ್‌ನಲ್ಲಿ ಗೆರೆ ಶುರುವಾಗುವುದು 4 ಸೆಂ.ಮೀ.ಗೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಹೆರಿಗೆ ಗೈಡ್‌ನಲ್ಲಿ 5ಕ್ಕೆ. ಬೆರಳು ತಪ್ಪಿದರೆ ಇಡೀ ಚಾರ್ಟ್ ತಪ್ಪುತ್ತದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಹೆರಿಗೆ ಆದಮೇಲಿನ ರಕ್ತಸ್ರಾವದ್ದು. ಅರ್ಧ ಲೀಟರ್ ನೀರಿಗೆ ಕುಂಕುಮ ಕಲಸಿ, ಒಂದಿಷ್ಟು ಹಳೆ ಸೀರೆಗೆ, ಒಂದಿಷ್ಟು ಪ್ಯಾಡಿಗೆ, ಉಳಿದಿದ್ದು ನೆಲಕ್ಕೆ ಸುರಿಯುತ್ತೇನೆ. "ಎಷ್ಟು ಹೋಗಿದೆ?" ಇನ್ನೂರು, ಇನ್ನೂರೈವತ್ತು ಅನ್ನುತ್ತಾರೆ. ಖಾಲಿ ಜಗ್ ತೋರಿಸಿದಾಗ ಕೋಣೆಯೇ ಸುಮ್ಮನಾಗುತ್ತದೆ. ಬಟ್ಟೆ ನೆತ್ತರು ಕುಡಿದುಬಿಡುತ್ತೆ, ಕಣ್ಣು ಮೋಸ ಹೋಗುತ್ತೆ. 500 ಎಂ.ಎಲ್. ಅಂದರೆ ಸಹಾಯಕ್ಕೆ ಕೂಗಬೇಕಾದ ಹೊತ್ತು. ಅದಕ್ಕೇ ಒದ್ದೆ ಬಟ್ಟೆಯನ್ನು ತಕ್ಕಡಿಯಲ್ಲಿಟ್ಟು ಒಣ ಬಟ್ಟೆಯ ತೂಕ ಕಳೆಯುವುದನ್ನೂ ಅಲ್ಲೇ ಮಾಡಿಸುತ್ತೇನೆ. ಮಗು ಹುಟ್ಟಿದ ಒಂದು ನಿಮಿಷದೊಳಗೆ, ಹೊಟ್ಟೆಯಲ್ಲಿ ಇನ್ನೊಂದು ಮಗು ಇಲ್ಲ ಅಂತ ನೋಡಿಕೊಂಡು, ಗರ್ಭಕೋಶ ಬಿಗಿದು ರಕ್ತ ತಡೆಯಲಿ ಅಂತ ತೊಡೆಗೆ 10 ಯೂನಿಟ್ ಆಕ್ಸಿಟೋಸಿನ್ ಇಂಜೆಕ್ಷನ್. ಇನ್ನೊಂದು ಕೈಯಲ್ಲಿ ಗರ್ಭಕೋಶ ತಡೆದು ಹಿಡಿಯದೆ ಹೊಕ್ಕುಳಬಳ್ಳಿ ಎಳೆಯುವ ಹಾಗೇ ಇಲ್ಲ. ಇದನ್ನು ನೂರು ಸಲವಾದರೂ ಹೇಳುತ್ತೇನೆ. ಉಸಿರಾಡದ ಮಗುವಿಗೆ ಗಾಳಿ ಕೊಡುವ ಅಂಬು ಬ್ಯಾಗ್ ಬಗ್ಗೆ ಇಲ್ಲಿ ಜಾಸ್ತಿ ಬರೆಯುವುದಿಲ್ಲ. ಅದನ್ನು ದಿನಾ ಬೆಳಿಗ್ಗೆ ಐದು ನಿಮಿಷ ಒತ್ತಿಸಿದರೆ ಕೈಗೆ ತಾನಾಗಿ ಕೂರುತ್ತೆ.

ಹೋದ ಬ್ಯಾಚಿನಿಂದ ಒಂದು ಬದಲಾವಣೆ ಮಾಡಿದ್ದೇನೆ. ಪ್ರತಿ ಹುಡುಗಿಯೂ ಒಮ್ಮೆ ಹೊಟ್ಟೆ ಕಟ್ಟಿಕೊಂಡು ಮಲಗಬೇಕು, ಎಂಟು ಜನ ಮುಟ್ಟಿ ನೋಡಬೇಕು. ಒಬ್ಬಳು ಎದ್ದು ಕೂತು, "ಮೇಡಂ, ಮಲಗಿದವರಿಗೆ ಬರೀ ಫ್ಯಾನ್ ಕಾಣುತ್ತೆ, ಯಾರ ಮುಖಾನೂ ಕಾಣಲ್ಲ" ಅಂದಳು. ಮಾರನೇ ದಿನ ಅವಳು ಮೊದಲು ತಲೆಯ ಪಕ್ಕ ಬಂದು ನಿಂತು ಮಾತಾಡಿಸಿದಳು, ಆಮೇಲೆ ಹೊಟ್ಟೆಯ ಕಡೆ ಹೋದಳು. ನನ್ನ ಚೆಕ್‌ಲಿಸ್ಟಿನಲ್ಲಿ ಈಗ ಅದೇ ಮೊದಲ ಸಾಲು.