ಮಗಳ ಅಳತೆಗೆ ಒಂದು ಹಳೇ ಟೂ-ಟೂ ರೈಫಲ್

ಅಮೆರಿಕದಲ್ಲಿ ಮಕ್ಕಳಿಗೆ ಟಾರ್ಗೆಟ್ ಶೂಟಿಂಗ್ ಕಲಿಸುವ ಕನ್ನಡದ ಮನೆಗಳು ಜಾಸ್ತಿ ಇಲ್ಲ. ನಾನು ಮಗಳಿಗೆ ರೈಫಲ್ ಹುಡುಕುವಾಗ ನಮ್ಮ ಭಾಷೆಯಲ್ಲಿ ಕೇಳಿ ತಿಳಿಯೋಣ ಅಂದರೆ ಯಾರೂ ಸಿಗಲಿಲ್ಲ. ನನ್ನ ಹಿಂದೆ ಬರುವವರಿಗಾದರೂ ಇರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಕೊಡಗಿನವಳು. ನಮ್ಮಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ಕಾಲೇಜಿನಲ್ಲಿ ಎನ್‌ಸಿಸಿಗೆ ಸೇರಿದ ಮೇಲೆ .22 ರೈಫಲ್ (ಟೂ-ಟೂ, ಅಂದರೆ ಬ್ಯಾರೆಲ್ ತೂತು ಸುಮಾರು 0.22 ಇಂಚಿನದು) ಹಿಡಿದು ಮಲಗಿ ಹೊಡೆಯೋದು ಕಲಿತೆ. ಈಗ ಇರೋದು ಒಹಾಯೋದಲ್ಲಿ. ಇಲ್ಲಿ ಎರಿ ಸರೋವರದ ದಂಡೆಯ ಕ್ಯಾಂಪ್ ಪೆರಿಯಲ್ಲಿ 1907ರಿಂದ ರಾಷ್ಟ್ರೀಯ ಪಂದ್ಯಗಳು ನಡೆಯುತ್ತಾ ಬಂದಿವೆ. ಊರೂರಲ್ಲಿ ಮಕ್ಕಳ ಕ್ಲಬ್ ಇವೆ. ಮಗಳು ಫೋರ್-ಎಚ್ ಅನ್ನೋ ಮಕ್ಕಳ ಸಂಘಟನೆಯ ಶೂಟಿಂಗ್ ಕ್ಲಬ್ಬಿಗೆ ಸೇರಿದಳು. ಹನ್ನೆರಡು ವಯಸ್ಸಿಗೆ ಅವಳ ಗುರಿ ಚೆನ್ನಾಗಿ ಕೂತಿತು. ಇನ್ನು ಅವಳದೇ ರೈಫಲ್ ಇರಬೇಕು ಅಂತ ಕೋಚ್ ಹೇಳಿದರು.

ಹಳೇದೇ ಯಾಕೆ? ಅಂಗಡಿಯಲ್ಲಿ ಮಕ್ಕಳ ರೈಫಲ್ ಅಂತ ಮಾರುವ ಹೊಸವು ಬಹಳ ಹಗುರ, ಕೆಲವು ಮೂರು ಪೌಂಡ್ ಕೂಡ ತೂಗುವುದಿಲ್ಲ. ಡಬ್ಬಿ ಹೊಡೆಯಲು ಅಡ್ಡಿಯಿಲ್ಲ. ಆದರೆ ಟಾರ್ಗೆಟ್‌ಗೆ ಸ್ವಲ್ಪ ತೂಕ ಬೇಕು, ಇಲ್ಲದಿದ್ದರೆ ಉಸಿರಾಟಕ್ಕೂ ಎದೆಬಡಿತಕ್ಕೂ ಬ್ಯಾರೆಲ್ ಕುಣಿಯುತ್ತದೆ. ಹೊಸ ಪಂದ್ಯದ ರೈಫಲ್ ಅಂದರೆ ಸಾವಿರಾರು ಡಾಲರ್. ಇವೆರಡರ ನಡುವೆ ಇರೋದೇ 1940ರಿಂದ 60ರ ದಶಕದವರೆಗೆ ಅಮೆರಿಕದ ಕಂಪನಿಗಳು ಶಾಲೆ ಮತ್ತು ಕ್ಲಬ್‌ಗಳಿಗೆ ಮಾಡಿದ ರೈಫಲ್‌ಗಳು. ಅಕ್ರೋಟು ಮರದ ಹಿಡಿ (ಸ್ಟಾಕ್), ಉಕ್ಕಿನ ಮೈ, ಸಣ್ಣ ತೂತಿನಲ್ಲಿ ಗುರಿ ನೋಡುವ ಒಳ್ಳೆ ಪೀಪ್ ಸೈಟ್. ಅವು ಇವತ್ತಿಗೂ ಮಕ್ಕಳ ಕೈಯಲ್ಲಿ ಹತ್ತಕ್ಕೆ ಹತ್ತು ಹೊಡೆಯುತ್ತವೆ.

ಕಾನೂನಿನ ಮಾತು ಬೇಗ ಹೇಳಿಬಿಡುತ್ತೇನೆ. ಎಚ್-1ಬಿಯಂಥ ವೀಸಾದಲ್ಲಿ ಇರುವವರಿಗೆ ಫೆಡರಲ್ ಕಾನೂನಿನಲ್ಲಿ ಬಂದೂಕು ಇಟ್ಟುಕೊಳ್ಳಲು ಸಾಮಾನ್ಯವಾಗಿ ಅವಕಾಶ ಇಲ್ಲ. ಬೇಟೆಯ ಲೈಸೆನ್ಸ್ ಇದ್ದವರಿಗೆ ಅಂತ ಒಂದು ವಿನಾಯಿತಿ ಇದೆ, ಆದರೆ ಅದನ್ನು ನಂಬಿ ಹೊರಡುವ ಮುಂಚೆ ವಕೀಲರನ್ನು ಕೇಳಿ. ಗ್ರೀನ್ ಕಾರ್ಡ್ ಅಥವಾ ಪೌರತ್ವ ಇದ್ದರೆ ಈ ತೊಡಕಿಲ್ಲ. ಲೈಸೆನ್ಸ್ ಇರುವ ಡೀಲರ್ 18 ತುಂಬದವರಿಗೆ ರೈಫಲ್ ಮಾರುವಂತಿಲ್ಲ. ಅಪ್ಪ ಅಮ್ಮ ತಮ್ಮ ದುಡ್ಡಿನಲ್ಲಿ ಕೊಂಡು ಮಗುವಿಗೆ ಉಡುಗೊರೆ ಕೊಡಬಹುದು. ಡೀಲರ್ ಹತ್ತಿರ ಬಂದೂಕು ಕೊಳ್ಳುವವರು ತುಂಬುವ ಫೆಡರಲ್ 4473 ಫಾರಂ ಅನ್ನು ನಾನು ನನ್ನ ಹೆಸರಿನಲ್ಲೇ ತುಂಬಿದೆ, ಬೀಗದ ಕೈಯೂ ನನ್ನ ಹತ್ತಿರವೇ ಇದೆ. ಬೇರೆ ರಾಜ್ಯದಿಂದ ತರಿಸಿದರೆ ಅದು ನಿಮ್ಮೂರಿನ ಡೀಲರ್ ಕೈಗೇ ಬರಬೇಕು. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ, ನಿಮ್ಮದನ್ನು ನೋಡಿಕೊಳ್ಳಿ.

ಇನ್ನು ನಿಜವಾದ ಕೆಲಸ. ನಾನು ಮೊದಲು ಅಳೆದದ್ದು ಮಗಳನ್ನು. ಇದನ್ನೇ ಎಲ್ಲರಿಗೂ ಒತ್ತಿ ಹೇಳಬೇಕು ಅನಿಸುತ್ತದೆ. ಹಳೇ ರೈಫಲ್ ಅಂದ ಕೂಡಲೇ ನಾವು ಹೆಸರಿನ ಹಿಂದೆ ಓಡುತ್ತೇವೆ. ಕ್ಲಬ್ಬಿನ ಹಿರಿಯರೆಲ್ಲ ವಿಂಚೆಸ್ಟರ್ 52 ಕೊಳ್ಳಿ ಎಂದರು. ಅದು ಸುಮಾರು 60 ವರ್ಷ ತಯಾರಾದ ಅದ್ಭುತ ರೈಫಲ್, ನಾನೂ ಒಪ್ಪುತ್ತೇನೆ. ಆದರೆ ಹತ್ತು ಪೌಂಡ್ ಆಸುಪಾಸು ತೂಗುತ್ತದೆ, ದಪ್ಪ ಬ್ಯಾರೆಲ್ಲಿನದಾದರೆ ಇನ್ನೂ ಜಾಸ್ತಿ. ಅದನ್ನು ಎತ್ತಿ ನಿಂತಾಗ ನನ್ನ ಮಗಳು ಬೆನ್ನನ್ನು ಹಿಂದಕ್ಕೆ ಬಿಲ್ಲಿನಂತೆ ಬಾಗಿಸಿದಳು. ಬೆಳೆಯುವ ಮಗುವಿನ ಸೊಂಟಕ್ಕೆ ಅದು ಒಳ್ಳೇದಲ್ಲ. ಅಲ್ಲಿಗೇ ಅದನ್ನು ಬಿಟ್ಟೆ.

ಬಟ್‌ನಿಂದ (ಭುಜಕ್ಕೆ ಒತ್ತುವ ಹಿಂದಿನ ತುದಿ) ಟ್ರಿಗರ್‌ವರೆಗಿನ ಉದ್ದವೇ ಮುಖ್ಯ ಅಳತೆ. ದೊಡ್ಡವರ ರೈಫಲ್‌ನಲ್ಲಿ ಅದು ಹದಿಮೂರೂವರೆ ಇಂಚಿನ ಹತ್ತಿರ ಇರುತ್ತದೆ. ಅವಳಿಗೆ ಬೇಕಾದದ್ದು ಹನ್ನೆರಡಕ್ಕಿಂತ ಕಮ್ಮಿ. ಉದ್ದ ಜಾಸ್ತಿಯಾದರೆ ಮಗು ಕತ್ತು ಮುಂದಕ್ಕೆ ಚಾಚಿ ಸೈಟ್ ಹುಡುಕುತ್ತದೆ. ಬೆರಳ ತುದಿ ಟ್ರಿಗರ್‌ಗೆ ಓರೆಯಾಗಿ ತಾಗಿ ಗುಂಡು ಪಕ್ಕಕ್ಕೆ ಹೋಗುತ್ತದೆ. ನೋಡುವ ಬಗೆ ಸುಲಭ. ಖಾಲಿ ರೈಫಲ್, ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಉಕ್ಕಿನ ಭಾಗ) ತೆಗೆದಿರಬೇಕು. ಮಗು ಕಣ್ಣು ಮುಚ್ಚಿ ಕೆನ್ನೆಯನ್ನು ಸ್ಟಾಕ್‌ಗೆ ಆರಾಮಾಗಿ ಇಡಲಿ, ಆಮೇಲೆ ಕಣ್ಣು ತೆರೆಯಲಿ. ತಲೆ ಅಲುಗಿಸದೆ ಪೀಪ್ ಒಳಗೆ ಮುಂದಿನ ಸೈಟ್ ಕಾಣಬೇಕು. ಇದರ ಜೊತೆ ಯಾವ ಕಣ್ಣು ಪ್ರಧಾನ ಅಂತಲೂ ನೋಡಿ. ಕೈ ಚಾಚಿ ಎರಡು ಅಂಗೈ ನಡುವಿನ ಸಣ್ಣ ಕಿಂಡಿಯಲ್ಲಿ ದೂರದ ಒಂದು ವಸ್ತು ನೋಡಲು ಹೇಳಿ, ಒಂದೊಂದೇ ಕಣ್ಣು ಮುಚ್ಚಿಸಿ. ಯಾವ ಕಣ್ಣಿಗೆ ವಸ್ತು ಅಲ್ಲೇ ಕಾಣುತ್ತದೋ ಅದೇ. ಹಳೇ ಬೋಲ್ಟ್ ರೈಫಲ್‌ಗಳಲ್ಲಿ ಹೆಚ್ಚುಪಾಲು ಬಲಗೈಯವು. ಎಡಗಣ್ಣಿನ ಮಗುವಾದರೆ ಇಂಗ್ಲೆಂಡಿನ ಬಿಎಸ್‌ಎ ಮಾರ್ಟಿನಿ ನೋಡಬಹುದು. ಅದರ ಲಿವರ್ ಕೆಳಗೆ ಇರೋದರಿಂದ ಎರಡೂ ಕೈಗೆ ಒಗ್ಗುತ್ತದೆ, ತೂಕ ಮಾತ್ರ ಜಾಸ್ತಿ. ನನ್ನ ಮಗಳದು ಬಲಗಣ್ಣು, ಹಾಗಾಗಿ ಆಯ್ಕೆ ದೊಡ್ಡದಿತ್ತು.

ಕೊನೆಗೆ ಪಟ್ಟಿಯಲ್ಲಿ ಉಳಿದವು ರೆಮಿಂಗ್ಟನ್ 513ಟಿ, ಮಾಸ್‌ಬರ್ಗ್ 144, ರೆಮಿಂಗ್ಟನ್ 521ಟಿ. 513ಟಿ ಒಂಬತ್ತು ಪೌಂಡ್, ಬ್ಯಾರೆಲ್ 27 ಇಂಚು. ಹೈಸ್ಕೂಲ್ ಮಕ್ಕಳಿಗೆ ಅದಕ್ಕಿಂತ ಒಳ್ಳೇದನ್ನು ನಾನು ನೋಡಿಲ್ಲ. ಮಾಸ್‌ಬರ್ಗ್ 144 ಎಂಟು ಪೌಂಡ್, ಬೆಲೆಯೂ ಹಿಡಿತದಲ್ಲಿತ್ತು, ಆದರೆ ಸಿಕ್ಕ ಎರಡಕ್ಕೂ ತೋಟಾ ತುಂಬುವ ಮ್ಯಾಗಜಿನ್ ಇರಲಿಲ್ಲ. 521ಟಿಯನ್ನು ರೆಮಿಂಗ್ಟನ್ 1947ರಿಂದ 1969ರವರೆಗೆ ಮಾಡಿತು. ಅದಕ್ಕೆ ಅವರೇ ಇಟ್ಟ ಹೆಸರು ಜೂನಿಯರ್ ಸ್ಪೆಷಲ್. 25 ಇಂಚಿನ ಬ್ಯಾರೆಲ್, ಏಳು ಪೌಂಡ್ ತೂಕ, ಹಿಂದೆ ಲೈಮನ್ ಕಂಪನಿಯ ಪೀಪ್ ಸೈಟ್. ಎಪ್ಪತ್ತಕ್ಕೂ ಹೆಚ್ಚು ವರ್ಷದ ಹಿಂದೆ ಯಾರೋ ಒಬ್ಬ ಎಂಜಿನಿಯರ್ ಕೂತು ಮಕ್ಕಳ ಮೈಯನ್ನು ಯೋಚಿಸಿ ಇದನ್ನು ಮಾಡಿದ್ದಾನಲ್ಲ ಅಂತ ನನಗೆ ನಿಜಕ್ಕೂ ಖುಷಿಯಾಯಿತು.

ಮೊದಲು ಬಂದ 521ಟಿ ಹರಾಜಿನಲ್ಲಿ ಕೊಂಡದ್ದು. ಫೋಟೋದಲ್ಲಿ ಮರ ಮಿರಮಿರ ಮಿಂಚುತ್ತಿತ್ತು. ಡೀಲರ್ ಕೌಂಟರ್ ಮೇಲೆ, ಇನ್ನೂ ಫಾರಂ ತುಂಬುವ ಮುಂಚೆಯೇ ಪರೀಕ್ಷೆ ಮಾಡಿದೆ. ಬೋಲ್ಟ್ ತೆಗೆದು ಬಿಗಿಯಾದ ಬಟ್ಟೆ ಚೂರನ್ನು ರಾಡ್‌ಗೆ ಸಿಕ್ಕಿಸಿ ಹಿಂದಿನಿಂದ ನಿಧಾನಕ್ಕೆ ತಳ್ಳುತ್ತಾ ಹೋದೆ. ಮುಕ್ಕಾಲು ದಾರಿಯಲ್ಲಿ ತಟ್ಟನೆ ಸಡಿಲವಾಯಿತು, ಮತ್ತೆ ಬಿಗಿಯಾಯಿತು. ಬೆಳಕಿಗೆ ಹಿಡಿದಾಗ ಅದೇ ಜಾಗದಲ್ಲಿ ಕಪ್ಪು ಉಂಗುರ. ಹಿಂದೆ ಯಾವತ್ತೋ ಒಂದು ಗುಂಡು ಒಳಗೇ ನಿಂತಿದೆ, ಅದರ ಹಿಂದೆ ಇನ್ನೊಂದು ಹೊಡೆದಿದ್ದಾರೆ, ಬ್ಯಾರೆಲ್ ಉಬ್ಬಿದೆ. ಮಾರಿದವನು ಇದನ್ನು ಎಲ್ಲೂ ಹೇಳಿರಲಿಲ್ಲ. ಮೂರು ದಿನ ಪರೀಕ್ಷೆಗೆ ಅವಕಾಶ ಇದ್ದದ್ದರಿಂದ ಹಾಗೇ ವಾಪಸ್ ಕಳಿಸಿದೆ. ಫಾರಂ ತುಂಬಿ ರೈಫಲ್ ನಿಮ್ಮ ಹೆಸರಿಗೆ ಆದ ಮೇಲೆ ವಾಪಸ್ ಮಾಡೋದು ಕಷ್ಟ. ಆದ್ದರಿಂದ ನೋಡೋದೆಲ್ಲ ಕೌಂಟರ್ ಮೇಲೇ ನೋಡಿ ಮುಗಿಸಿ.

ಎರಡನೆಯದು ಊರಿನ ಒಬ್ಬ ಹಿರಿಯರ ಮನೆಯಲ್ಲಿ ಸಿಕ್ಕಿತು. ಅವರ ಮಕ್ಕಳು ಅದರಲ್ಲೇ ಕಲಿತವರಂತೆ. ಸ್ಟಾಕ್ ಮೇಲೆ ಗೀರುಗಳಿದ್ದವು, ಬಣ್ಣ ಮಾಸಿತ್ತು. ಬ್ಯಾರೆಲ್ ಒಳಗೆ ಮಾತ್ರ ಕನ್ನಡಿ. .22ರ ಸೀಸದ ಗುಂಡು ಉಕ್ಕನ್ನು ಬಹಳ ಕಮ್ಮಿ ಸವೆಸುತ್ತದೆ. ಈ ರೈಫಲ್‌ಗಳನ್ನು ಹಾಳು ಮಾಡೋದು ಹೆಚ್ಚಾಗಿ ಬ್ಯಾರೆಲ್ಲಿನ ಮುಂದಿನ ಬಾಯಿಯ ಕಡೆಯಿಂದ ತುರುಕಿದ ಕ್ಲೀನಿಂಗ್ ರಾಡ್ ಮತ್ತು ತುಕ್ಕು. 1920ರ ದಶಕದವರೆಗಿನ ತೋಟಾಗಳ ಪ್ರೈಮರ್ (ಮದ್ದು ಹೊತ್ತಿಸುವ ರಾಸಾಯನಿಕ) ಬ್ಯಾರೆಲ್ ಒಳಗೆ ಉಪ್ಪು ಬಿಡುತ್ತಿತ್ತು, ಅದು ತೇವ ಎಳೆದು ಗುಂಡಿ ತೋಡುತ್ತಿತ್ತು. ಯುದ್ಧದ ನಂತರದ ರೈಫಲ್ ಹುಡುಕಿದ್ದಕ್ಕೆ ಇದೂ ಒಂದು ಕಾರಣ. ರೆಮಿಂಗ್ಟನ್ ಆದರೆ ಬ್ಯಾರೆಲ್ಲಿನ ಎಡಬದಿಯಲ್ಲಿ ಹುಟ್ಟಿದ ತಿಂಗಳ ಅಕ್ಷರ ಇರುತ್ತದೆ. ಜನವರಿಗೆ ಬಿ, ಫೆಬ್ರವರಿಗೆ ಎಲ್, ಮಾರ್ಚ್‌ಗೆ ಎ. ಹೀಗೆ 'ಬ್ಲ್ಯಾಕ್ ಪೌಡರ್ ಎಕ್ಸ್' ಅನ್ನೋದರ ಹನ್ನೆರಡು ಇಂಗ್ಲಿಷ್ ಅಕ್ಷರಗಳು ಸಾಲಾಗಿ ಹನ್ನೆರಡು ತಿಂಗಳಿಗೆ. ಅದರ ಪಕ್ಕದ್ದು ವರ್ಷದ ಗುರುತು.

ಚೇಂಬರ್ ಅನ್ನು, ಅಂದರೆ ಬ್ಯಾರೆಲ್ಲಿನ ಹಿಂದೆ ತೋಟಾ ಕೂರುವ ಜಾಗವನ್ನು, ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಿದೆ. .22ರಂಥ ರಿಮ್‌ಫೈರ್ ತೋಟಾದಲ್ಲಿ ಮದ್ದು ಹೊತ್ತಿಸುವ ರಾಸಾಯನಿಕ ಇರೋದು ಅಂಚಿನ ಸುತ್ತ. ಫೈರಿಂಗ್ ಪಿನ್ ಆ ಅಂಚನ್ನು ಚೇಂಬರಿನ ಬಾಯಿಗೆ ಒತ್ತಿ ಜಜ್ಜುತ್ತದೆ. ತೋಟಾ ಇಲ್ಲದೆ ಸುಮ್ನೆ ಟ್ರಿಗರ್ ಎಳೆಯುತ್ತಾ ಬಂದಿದ್ದರೆ ಹಳೇ ರೈಫಲ್‌ಗಳಲ್ಲಿ ಆ ಪಿನ್ ನೇರ ಚೇಂಬರಿನ ಅಂಚಿಗೇ ಬಡಿದು ಕಚ್ಚು ಮಾಡಿರುತ್ತದೆ. ಆಗ ತೋಟಾ ಸರಿಯಾಗಿ ಕೂರುವುದಿಲ್ಲ, ಕೆಲವೊಮ್ಮೆ ಸಿಡಿಯುವುದೂ ಇಲ್ಲ. ಟಾರ್ಚ್ ಹಾಕಿ ನೋಡಿದರೆ ಕಾಣುತ್ತದೆ, ಉಗುರಿಗೂ ತಾಗುತ್ತದೆ. ಇನ್ನೊಂದು, ಈ ರೈಫಲ್ ಶಾರ್ಟ್, ಲಾಂಗ್, ಲಾಂಗ್ ರೈಫಲ್ ಮೂರೂ ತೋಟಾ ತಿನ್ನುತ್ತದೆ. ಗಿಡ್ಡ ಶಾರ್ಟ್ ತೋಟಾವನ್ನೇ ವರ್ಷಗಟ್ಟಲೆ ಹೊಡೆದಿದ್ದರೆ ಅದರ ಬಾಯಿ ಬರುವ ಜಾಗದಲ್ಲಿ ಚೇಂಬರ್ ಕೊರೆದಿರುತ್ತದೆ. ಅಂಥದ್ದರಲ್ಲಿ ಲಾಂಗ್ ರೈಫಲ್ ಹೊಡೆದರೆ ಖಾಲಿ ಕೇಸು (ತೋಟಾದ ಲೋಹದ ಕವಚ) ಊದಿ ಕಚ್ಚಿಕೊಳ್ಳುತ್ತದೆ. ಅದಕ್ಕೇ ಆ ಹಿರಿಯರ ಅನುಮತಿ ಪಡೆದು ರೇಂಜಿಗೆ ಒಯ್ದು ಹೊಡೆದು ನೋಡಿದೆ. ಕೇಸುಗಳು ಸಲೀಸಾಗಿ ಹಾರಿ ಬಂದವು, ಪಿನ್ನಿನ ಗುರುತು ಎಲ್ಲದರಲ್ಲೂ ಒಂದೇ ಆಳ.

ಟ್ರಿಗರ್ ಬಗ್ಗೆ ಒಂದು ಎಚ್ಚರಿಕೆ. ಹಳಬರು ಟ್ರಿಗರ್ ಹಗುರ ಮಾಡಲು ಒಳಗೆ ಅರ ಹಾಕಿ ಉಜ್ಜಿರುತ್ತಾರೆ. ಖಾಲಿ ರೈಫಲ್‌ನ ಬೋಲ್ಟನ್ನು ಜೋರಾಗಿ ಮುಚ್ಚಿ, ಸೇಫ್ಟಿ ತೆಗೆದು, ಬಟ್ಟನ್ನು ರಬ್ಬರ್ ಮ್ಯಾಟ್ ಮೇಲೆ ಕುಟ್ಟಿ ನೋಡಿ. ತಾನಾಗಿ ಬಿಟ್ಟುಕೊಂಡರೆ ಎಷ್ಟೇ ಅಗ್ಗವಾಗಿದ್ದರೂ ಮಗುವಿನ ಕೈಗೆ ಬೇಡ.

ಸೈಟ್ ಇದೆಯಾ ಅಂತ ನೋಡದೆ ಬೆಲೆ ಮಾತಾಡಬೇಡಿ. ಎಷ್ಟೋ ರೈಫಲ್‌ಗಳ ಸೈಟನ್ನು ಬಿಚ್ಚಿ ಬೇರೆ ಮಾರಿಬಿಟ್ಟಿರುತ್ತಾರೆ. ಹಳೇ ಲೈಮನ್, ರೆಡ್‌ಫೀಲ್ಡ್ ಸೈಟ್ ಹುಡುಕಿ ಕೊಂಡರೆ ರೈಫಲ್‌ನಷ್ಟೇ ದುಡ್ಡು ಬೀಳಬಹುದು. ನಮ್ಮದರಲ್ಲಿ ಮುಂದೆ ಉಂಗುರಗಳನ್ನು ಬದಲಿಸುವ ಗ್ಲೋಬ್ ಸೈಟ್, ಹಿಂದೆ ಕಾಲು ಮಿನಿಟ್ ಕ್ಲಿಕ್‌ನ (ಮಿನಿಟ್ ಅಂದರೆ ಇಲ್ಲಿ ಕೋನದ ಅಳತೆ, ಡಿಗ್ರಿಯ ಅರವತ್ತರಲ್ಲಿ ಒಂದು ಭಾಗ) ಲೈಮನ್ ಎರಡೂ ಇದ್ದವು. ಐವತ್ತು ಅಡಿಯಲ್ಲಿ ಒಂದು ಕ್ಲಿಕ್ಕಿಗೆ ಗುಂಡು ಒಂದು ಮಿಲಿಮೀಟರಿನಷ್ಟು ಸರಿಯಬೇಕು. ಹತ್ತು ಕ್ಲಿಕ್ ಬಲಕ್ಕೆ, ಹತ್ತು ಎಡಕ್ಕೆ ತಿರುಗಿಸಿ ಹೊಡೆದು ಅದೇ ಜಾಗಕ್ಕೆ ವಾಪಸ್ ಬರುತ್ತದಾ ಅಂತ ನೋಡಿದೆ. ಬಂತು. ಆಮೇಲೇ ದುಡ್ಡಿನ ಮಾತು. ಐನೂರು ಡಾಲರ್ ಒಳಗೆ ಮುಗಿಯಿತು. ಅದೇ ರಾಜ್ಯದವರಾದರೂ ನಾನು ಡೀಲರ್ ಮೂಲಕವೇ ಬರೆಸಿಕೊಂಡೆ, ಕಾಗದ ಇರಲಿ ಅಂತ.

ಜೂನಿಯರ್ ಅಂತ ಹೆಸರಿದ್ದರೂ ಸ್ಟಾಕ್ ಅವಳಿಗೆ ಉದ್ದವೇ ಆಯಿತು. ಕತ್ತರಿಸೋಣ ಎಂದರು ಕೆಲವರು. ನನಗೆ ಮನಸ್ಸು ಬರಲಿಲ್ಲ. ಇಷ್ಟು ವರ್ಷ ಇಡಿಯಾಗಿ ಉಳಿದು ಬಂದ ಮರವನ್ನು ಎರಡು ವರ್ಷದ ಅನುಕೂಲಕ್ಕೆ ಗರಗಸಕ್ಕೆ ಕೊಡೋದು ಸರಿಯಲ್ಲ, ಅಲ್ವಾ? ಬಿರುಕು ತುಂಬಿಸಿದ ಇನ್ನೊಂದು ಬಿಡಿ ಸ್ಟಾಕ್ ಕಡಿಮೆ ಬೆಲೆಗೆ ಸಿಕ್ಕಿತು. ಅದನ್ನು ಕತ್ತರಿಸಿದೆವು. ಕತ್ತರಿಸಿದ ತುಂಡನ್ನೇ ಅರ್ಧ ಅರ್ಧ ಇಂಚಿನ ಬಿಲ್ಲೆ ಮಾಡಿ ಇಟ್ಟಿದ್ದೇವೆ. ಅವಳು ಬೆಳೆದ ಹಾಗೆ ಬಟ್ ಪ್ಲೇಟಿನ ಒಳಗೆ ಒಂದೊಂದೇ ಸೇರಿಸುತ್ತೇವೆ, ಉದ್ದ ಸ್ಕ್ರೂ ಎರಡು ಸಾಕು. ಮೂಲ ಸ್ಟಾಕ್ ಎಣ್ಣೆ ಒರೆಸಿ ಕಪಾಟಿನಲ್ಲಿದೆ.

ಮನೆಯಲ್ಲಿ ಬೋಲ್ಟ್ ಒಂದು ಪೆಟ್ಟಿಗೆಯಲ್ಲಿ, ತೋಟಾ ಇನ್ನೊಂದರಲ್ಲಿ, ರೈಫಲ್ ಉಕ್ಕಿನ ಬೀರುವಿನಲ್ಲಿ. ಖಾಲಿ ಟ್ರಿಗರ್ ಅಭ್ಯಾಸಕ್ಕೆ ಗೋಡೆಗೆ ಸ್ಕ್ರೂ ಹಾಕುವಾಗ ಬಳಸುವ ಹಳದಿ ಪ್ಲಾಸ್ಟಿಕ್ ಪ್ಲಗ್ ಚೇಂಬರಿನೊಳಗೆ ಇಡುತ್ತೇವೆ. ಪಿನ್ ಅದಕ್ಕೆ ಬಡಿಯುತ್ತದೆ, ಅಂಚು ಉಳಿಯುತ್ತದೆ. ನಾಲ್ಕೈದು ಸಲಕ್ಕೆ ಒಮ್ಮೆ ಪ್ಲಗ್ ತಿರುಗಿಸಬೇಕು. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷೆ ಇಲ್ಲದೆ ರೇಂಜಿಗೆ ಕಾಲಿಡುವಂತಿಲ್ಲ. ಸೀಸ ಮಕ್ಕಳಿಗೆ ದೊಡ್ಡವರಿಗಿಂತ ಹೆಚ್ಚು ಕೆಡುಕು. ರೇಂಜಿನಲ್ಲಿ ತಿಂಡಿ ಇಲ್ಲ, ಮುಗಿದ ಮೇಲೆ ಸೋಪು ಹಚ್ಚಿ ಕೈ ಮುಖ ತೊಳೆದೇ ಕಾರು ಹತ್ತಬೇಕು, ಬಟ್ಟೆ ಬೇರೆ ಒಗೆಯಬೇಕು. ಇದರಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ.

ತೋಟಾದ ವಿಷಯದಲ್ಲಿ ತಾಳ್ಮೆ ಬೇಕು. ವೇಗದ ತೋಟಾ ಬೇಡ. ಶಬ್ದಕ್ಕಿಂತ ನಿಧಾನ ಹೋಗುವ, 40 ಗ್ರೇನ್ ತೂಕದ ಗುಂಡಿನ ಸ್ಟ್ಯಾಂಡರ್ಡ್ ವೆಲಾಸಿಟಿ ತೋಟಾವೇ ಟಾರ್ಗೆಟ್‌ಗೆ ಸರಿ. ಸ್ಟಿಂಗರ್‌ನಂಥ ಉದ್ದ ಕೇಸಿನ ತೋಟಾಗಳನ್ನು ಬಿಗಿ ಚೇಂಬರಿನ ಪಂದ್ಯದ ರೈಫಲ್‌ಗೆ ಹಾಕಲೇಬಾರದು. ಒಂದೇ ತರದ ಎರಡು ರೈಫಲ್‌ಗೂ ಬೇರೆ ಬೇರೆ ತೋಟಾ ಹಿಡಿಸುತ್ತದೆ. ನಾವು ನಾಲ್ಕೈದು ಬ್ರ್ಯಾಂಡಿನ ಒಂದೊಂದು ಡಬ್ಬಿ ತಂದು, ರೈಫಲ್ಲನ್ನು ಮರಳ ಚೀಲದ ಮೇಲೆ ಇಟ್ಟು, ಪ್ರತಿಯೊಂದರಲ್ಲೂ ಐದೈದು ಗುಂಡು ಹೊಡೆದು ನೋಡಿದೆವು. ಬ್ರ್ಯಾಂಡ್ ಬದಲಿಸಿದಾಗ ಮೊದಲ ಹತ್ತು ಗುಂಡು ಲೆಕ್ಕಕ್ಕೆ ಹಿಡಿಯಬೇಡಿ, ಹಿಂದಿನದರ ಮೇಣ ಬ್ಯಾರೆಲ್ಲಿನಿಂದ ಹೋಗಬೇಕು. ದುಬಾರಿಯದ್ದು ಒಳ್ಳೆ ಗುಂಪು ಕೊಡಲಿಲ್ಲ. ಅಗ್ಗದ ಒಂದು ಸಿಸಿಐ ಐವತ್ತು ಅಡಿಯಲ್ಲಿ ಐದೂ ಗುಂಡನ್ನು ಹತ್ತು ಸೆಂಟಿನ ಡೈಮ್ ನಾಣ್ಯದಡಿ ಮುಚ್ಚುವಷ್ಟು ಹತ್ತಿರ ಕೂರಿಸಿತು. ಹೀಗೆ ಹೊಂದಿದ ತೋಟಾ ಸಿಕ್ಕರೆ ಡಬ್ಬಿಯ ಮೇಲಿನ ಲಾಟ್ (ಒಂದೇ ಸಲ ತಯಾರಾದ ಕಂತು) ನಂಬರ್ ನೋಡಿಕೊಂಡು ಅದೇ ಲಾಟಿನ ಐನೂರರ ಕಟ್ಟನ್ನು ಒಟ್ಟಿಗೇ ತಂದುಬಿಡಿ. ಮುಂದಿನ ಲಾಟ್ ಹಾಗೇ ಹೊಡೆಯುತ್ತದೆ ಅನ್ನುವ ಖಾತ್ರಿ ಇಲ್ಲ.