ಕೆಂಬಂಡೆಯ ನಾಡಿನಲ್ಲಿ ಒಬ್ಬರೇ ಒಂದು ದಿನ

ನಾಲ್ಕು ಜನ ಕೂಡಿ ಚಾರಣಕ್ಕೆ ಹೋದರೆ ‘ಸಾಕು, ವಾಪಸ್ ಹೋಗೋಣ’ ಅನ್ನುವವರು ಒಬ್ಬರಾದರೂ ಇರುತ್ತಾರೆ. ಒಬ್ಬರೇ ಹೊರಟಾಗ ಆ ಮಾತು ಹೇಳುವವರಿಲ್ಲ. ಎದುರಿಗೆ ಇನ್ನೊಂದು ಕಲ್ಲಿನ ಕಮಾನು ಕಾಣುತ್ತದೆ, ಕಾಲು ತಾನಾಗಿ ಮುಂದೆ ಹೋಗುತ್ತದೆ. ಅದಕ್ಕೇ ಅಮೆರಿಕದ ಯೂಟಾ ರಾಜ್ಯದ ಕೆಂಬಂಡೆ ಮರುಭೂಮಿಗೆ ಒಂಟಿಯಾಗಿ ಹೋಗುವವರು ತಯಾರಿಯನ್ನು ಒಂದು ಚೀಟಿಯಿಂದ ಶುರು ಮಾಡಬೇಕು. ಶೂ, ಬ್ಯಾಗು ಎಲ್ಲ ಆಮೇಲೆ.

ಉದಾಹರಣೆಗೆ ಮೋಆಬ್ ಪಟ್ಟಣದ ಪಕ್ಕದ ಆರ್ಚಸ್ ರಾಷ್ಟ್ರೀಯ ಉದ್ಯಾನವನ್ನೇ ತೆಗೆದುಕೊಳ್ಳೋಣ. ಎರಡು ಸಾವಿರಕ್ಕೂ ಹೆಚ್ಚು ಕಲ್ಲಿನ ಕಮಾನುಗಳಿರುವ ಜಾಗ ಅದು. ಅಲ್ಲಿನ ಡೆವಿಲ್ಸ್ ಗಾರ್ಡನ್ ಹಾದಿಯನ್ನು ಪೂರ್ತಿ ಸುತ್ತಿದರೆ ಹೆಚ್ಚೂಕಡಿಮೆ 12.7 ಕಿ.ಮೀ. ಆಗುತ್ತದೆ. ಒಂದು ದಿನಕ್ಕೆ ಹೇಳಿ ಮಾಡಿಸಿದ ದೂರ.

ಹಿಂದಿನ ರಾತ್ರಿ: ಚೀಟಿ

ಚೀಟಿಯಲ್ಲಿ ನಾಲ್ಕೇ ಸಂಗತಿ ಸಾಕು. ಯಾವ ಹಾದಿ, ಕಾರು ಎಲ್ಲಿ ನಿಲ್ಲಿಸುತ್ತೀರಿ, ಎಷ್ಟು ಗಂಟೆಗೆ ಎಲ್ಲಿದ್ದರೂ ಹಿಂತಿರುಗುತ್ತೀರಿ, ಎಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ ಸಹಾಯಕ್ಕೆ ಕರೆ ಮಾಡಬೇಕು. ಒಂದು ಪ್ರತಿ ನಂಬಿಕಸ್ಥರೊಬ್ಬರಿಗೆ, ಇನ್ನೊಂದು ನಿಮ್ಮ ಜೇಬಿಗೆ. ಜೇಬಿನ ಪ್ರತಿಯೇ ಮರುದಿನ ನಿಮ್ಮ ಜೊತೆಗಾರ.

2003ರ ಏಪ್ರಿಲ್‌ನಲ್ಲಿ ಆರನ್ ರಾಲ್‌ಸ್ಟನ್ ಎಂಬ ಪಳಗಿದ ಚಾರಣಿಗ ಇದೇ ರಾಜ್ಯದ ಬ್ಲೂಜಾನ್ ಕೊರಕಲಿಗೆ ಒಬ್ಬನೇ ಇಳಿದ. ಉರುಳಿದ ಬಂಡೆಯಡಿ ಬಲಗೈ ಸಿಕ್ಕಿಕೊಂಡಿತು. ಎಲ್ಲಿಗೆ ಹೋಗುತ್ತಿದ್ದೇನೆಂದು ಯಾರಿಗೂ ಹೇಳಿರಲಿಲ್ಲ. ಐದು ದಿನ ಕಾದು, ಕೊನೆಗೆ ತನ್ನ ಕೈಯನ್ನೇ ಕತ್ತರಿಸಿಕೊಂಡು ಹೊರಬಂದ. ಅವನಿಗೆ ಅನುಭವದ ಕೊರತೆ ಇರಲಿಲ್ಲ. ಇರದಿದ್ದದ್ದು ಆ ಒಂದು ಚೀಟಿ.

ಈ ನಾಡಿನ ಬಹುಪಾಲು ಕಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಪುಟ್ಟ ಸಾಧನ ಕೊಂಡರೆ ಒಳ್ಳೆಯದೇ. ಆದರೆ ಅದು ಚೀಟಿಗೆ ಬದಲಿಯಲ್ಲ. ಬ್ಯಾಟರಿ ಮುಗಿಯುವುದು ಅದಕ್ಕೆ, ಚೀಟಿಗಲ್ಲ. ಉದ್ಯಾನದ ವೆಬ್‌ಸೈಟಿನಲ್ಲಿ ಅಂದಿನ ಹವಾಮಾನ, ಮುಚ್ಚಿದ ಹಾದಿಗಳು, ಪ್ರವೇಶದ ನಿಯಮ ಇಷ್ಟನ್ನೂ ರಾತ್ರಿಯೇ ನೋಡಿಬಿಡಿ.

ನೀರು

ಒಬ್ಬರಿಗೆ ದಿನಕ್ಕೆ ಕನಿಷ್ಠ 4 ಲೀಟರ್. ಉದ್ಯಾನದವರು ಕೊಡುವ ಲೆಕ್ಕವೂ ಇದೇ. ಬೆನ್ನ ಮೇಲೆ ನಾಲ್ಕು ಕಿಲೋ ಎಂದು ಬೆಳಿಗ್ಗೆ ಭಾರವಾಗಿ ಕಾಣುತ್ತದೆ, ಒಂದೆರಡು ಬಾಟಲಿ ಕಾರಲ್ಲೇ ಬಿಡೋಣ ಅನ್ನಿಸುತ್ತದೆ. ಬಿಡಬೇಡಿ. ಒಣಗಾಳಿಗೆ ಬೆವರು ಚರ್ಮದ ಮೇಲೆ ನಿಲ್ಲುವುದೇ ಇಲ್ಲ, ಹಾಗಾಗಿ ಎಷ್ಟು ಬೆವರಿದ್ದೀರೆಂದು ಗೊತ್ತಾಗುವುದಿಲ್ಲ. ಅಂಗಿಯ ಮೇಲೆ ಮೂಡುವ ಉಪ್ಪಿನ ಬಿಳಿ ಗೆರೆ ನೋಡಿದಾಗಲೇ ತಿಳಿಯುವುದು. ಬರೀ ನೀರು ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಕರಿಕೆ ಶುರುವಾಗಬಹುದು. ಉಪ್ಪಿರುವ ಕುರುಕಲು ಜೊತೆಗಿರಲಿ.

ಅರ್ಧ ನೀರು ಖಾಲಿಯಾದಾಗ ಸುತ್ತಿನ ಅರ್ಧ ದಾಟಿರದಿದ್ದರೆ ಬಂದ ದಾರಿಯಲ್ಲೇ ವಾಪಸ್. ಇದನ್ನೂ ಚೀಟಿಯಲ್ಲಿ ಬರೆದಿಡಿ. ಬಿಸಿಲಲ್ಲಿ ನಿಂತು ಹೊಸದಾಗಿ ಯೋಚಿಸುವ ಕೆಲಸ ಇರಬಾರದು.

ಇನ್ನು ಕಾಲ. ಬೇಸಿಗೆಯಲ್ಲಿ ಉಷ್ಣಾಂಶ 38 ಡಿಗ್ರಿ ದಾಟುವುದು ಅಲ್ಲಿ ಮಾಮೂಲು. ಏಪ್ರಿಲ್–ಮೇ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಹಿತ. ಅಕ್ಟೋಬರ್ ನಡುವಿನಲ್ಲಿ ಸಂಜೆ ಆರೂವರೆಯ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಬೆನ್ನಿಗೇ ಚಳಿ. ಮಧ್ಯಾಹ್ನದ ಹೊತ್ತಿಗೆ ಮುಗಿಯುವ ನಡಿಗೆಯಾದರೂ ಹೆಡ್‌ಲ್ಯಾಂಪ್, ಒಂದು ಜಾಕೆಟ್ ಬ್ಯಾಗಿನಲ್ಲಿರಲಿ.

ಹಾದಿಯಲ್ಲಿ

ಮೊದಲ ತುಣುಕು ಸಲೀಸು. ಲ್ಯಾಂಡ್‌ಸ್ಕೇಪ್ ಆರ್ಚ್‌ವರೆಗೆ ಜಲ್ಲಿ ಹಾಕಿದ ದಾರಿ, ಜನವೂ ಇರುತ್ತಾರೆ. ಈ ಕಮಾನಿನ ಹರವು 93 ಮೀಟರ್. ನಡುವೆಯಂತೂ ರಿಬ್ಬನ್ನಿನಷ್ಟು ತೆಳು ಎನ್ನಿಸುತ್ತದೆ. 1991ರಲ್ಲಿ ಅದರ ಅಡಿಯಿಂದ ದೊಡ್ಡ ಚಪ್ಪಡಿಯೊಂದು ಕಳಚಿ ಬಿತ್ತು. ಅಂದಿನಿಂದ ಅದರ ಕೆಳಗೆ ಹೋಗುವ ಹಾದಿ ಬಂದ್.

ಅಲ್ಲಿಂದಾಚೆ ಬಂಡೆಯೇ ದಾರಿ. ಮೀನಿನ ಬೆನ್ನ ಮೇಲಿನ ರೆಕ್ಕೆಯಂತೆ ಎದ್ದು ನಿಂತ ಕಲ್ಲುಗೋಡೆಗಳ ನೆತ್ತಿಯ ಮೇಲೆ ನಡೆಯಬೇಕು, ಅಲ್ಲಲ್ಲಿ ಪಕ್ಕದಲ್ಲಿ ಪ್ರಪಾತ. ಇಲ್ಲಿ ದಾರಿ ತೋರುವುದು ಪುಟ್ಟ ಕಲ್ಲುಗುಪ್ಪೆಗಳು. ನಿಯಮ ಸರಳ: ಒಂದು ಗುಪ್ಪೆಯ ಬಳಿ ನಿಂತು ಮುಂದಿನದು ಕಂಡ ಮೇಲಷ್ಟೇ ಹೆಜ್ಜೆ. ಕಾಣದಿದ್ದರೆ ಆ ಗುಪ್ಪೆಗೆ ಬೆನ್ನು ಹಾಕಿ ಅಲೆಯಬೇಡಿ. ಆಗಾಗ ತಿರುಗಿ, ಬಂದ ದಾರಿ ಆ ಕಡೆಯಿಂದ ಹೇಗೆ ಕಾಣುತ್ತದೆಂದು ನೋಡಿಕೊಳ್ಳಿ. ಕಲ್ಲಿನ ಮೇಲೆ ಹೆಜ್ಜೆಗುರುತು ಉಳಿಯುವುದಿಲ್ಲ. ಫೋಟೊಗೆಂದು ಸ್ವಂತ ಗುಪ್ಪೆ ಕಟ್ಟುವವರಿದ್ದಾರಲ್ಲ, ಹಿಂದೆ ಬರುವವರ ದಾರಿ ತಪ್ಪಿಸುವ ಕೆಲಸ ಅದು.

ಈ ಮರಳುಗಲ್ಲನ್ನು ಅಲ್ಲಿ ‘ಸ್ಲಿಕ್‌ರಾಕ್’ ಅನ್ನುತ್ತಾರೆ. ಹೆಸರೇ ಜಾರುಬಂಡೆ. ಕುದುರೆಯ ಲಾಳ ಜಾರುತ್ತಿತ್ತಂತೆ. ರಬ್ಬರ್ ಅಟ್ಟೆಗೆ ಮಾತ್ರ ಒಣಬಂಡೆ ಉಪ್ಪುಕಾಗದದಂತೆ ಕಚ್ಚುತ್ತದೆ. ಇಳಿಜಾರಿನಲ್ಲಿ ತುದಿಗಾಲು ಬೇಡ. ಇಡೀ ಪಾದ ಊರಿ, ಮೊಣಕಾಲು ತುಸು ಬಗ್ಗಿಸಿ, ಹೆಜ್ಜೆ ಚಿಕ್ಕದಾಗಿಡಿ. ಹತ್ತುವಾಗ ಕಣ್ಣು ಕೈಯ ಹತ್ತಿರವಿರುತ್ತದೆ, ಇಳಿಯುವಾಗ ಕಾಲಿಡುವ ಜಾಗವೇ ಕಾಣುವುದಿಲ್ಲ. ಆದ್ದರಿಂದ ಯಾವುದೇ ಬಂಡೆ ಹತ್ತುವ ಮುನ್ನ ಅಲ್ಲೇ ಎರಡಡಿ ಏರಿ, ಇಳಿದು ನೋಡಿ. ಇಳಿಯಲಾಗದ್ದನ್ನು ಏರಬೇಡಿ. ಮಳೆ ಬಿದ್ದರೆ ಲೆಕ್ಕವೇ ಬೇರೆ: ಒದ್ದೆ ಮರಳುಗಲ್ಲು ಜಾರುತ್ತದೆ, ಹಿಡಿದ ಅಂಚು ಮುರಿದು ಕೈಗೆ ಬರುತ್ತದೆ. ಸುತ್ತಿನ ‘ಪ್ರಿಮಿಟಿವ್ ಟ್ರೇಲ್’ ಭಾಗ ಅಂದು ಬೇಡವೇ ಬೇಡ.

ಬಂಡೆ ಮುಗಿದು ಮಣ್ಣು ಸಿಕ್ಕಲ್ಲಿ ನೆಲ ನೋಡಿ. ಕಪ್ಪಗೆ, ಉಬ್ಬುತಗ್ಗಾಗಿ, ಸುಟ್ಟ ರೊಟ್ಟಿಯ ಮೇಲ್ಮೈಯಂತೆ ಕಾಣುವುದು ಜೀವಂತ ಪದರ. ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳು, ಕಲ್ಲುಹೂವು, ಪಾಚಿ ಸೇರಿ ಮಣ್ಣನ್ನು ಹೆಣೆದು ಹಿಡಿದಿರುತ್ತವೆ. ಒಂದು ಹೆಜ್ಜೆ ಬಿದ್ದರೆ ಚೇತರಿಸಿಕೊಳ್ಳಲು ದಶಕಗಳೇ ಬೇಕಾಗಬಹುದು. ಹಾದಿ, ಬಂಡೆ, ಒಣಹಳ್ಳದ ಮರಳು, ಈ ಮೂರರ ಮೇಲೆ ಮಾತ್ರ ಕಾಲಿಡಿ. ಬಂಡೆಗುಣಿಯಲ್ಲಿ ನಿಂತ ಮಳೆನೀರಲ್ಲೂ ಪುಟ್ಟ ಸೀಗಡಿ ಜಾತಿಯ ಜೀವಿಗಳ ಸಂಸಾರವಿರುತ್ತದೆ. ಕೈ ತೊಳೆಯುವ ಜಾಗವಲ್ಲ.

ಅರ್ಧ ಗಂಟೆಗೊಮ್ಮೆ ನಿಂತು ಮೂರು ಸಂಗತಿ ಬಾಯಿಬಿಟ್ಟು ಹೇಳಿ: ಈಗ ಗಂಟೆ ಎಷ್ಟು, ನೀರು ಎಷ್ಟು ಉಳಿದಿದೆ, ಕಳೆದ ಗುರುತು ಯಾವುದು. ಹುಚ್ಚು ಅನ್ನಿಸಬಹುದು, ಕೇಳುವವರೂ ಇಲ್ಲ. ಆದರೆ ಬಿಸಿಲು ತಲೆಗೇರಿದಾಗ ಮೊದಲು ಕೈಕೊಡುವುದು ಬುದ್ಧಿ, ಅದನ್ನು ಗಮನಿಸಬೇಕಾದದ್ದೂ ಅದೇ ಬುದ್ಧಿ. ಉತ್ತರ ತಡವರಿಸಿದರೆ ನೆರಳು ಹುಡುಕಿ ಕೂತು, ಕತ್ತು, ಕಂಕುಳು ಒದ್ದೆ ಮಾಡಿಕೊಳ್ಳಿ. ಅಂದಿಗೆ ಮುಂದಿನ ದಾರಿ ಮುಗಿಯಿತು.

ಮೋಡ

ಜುಲೈಯಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಗುಡುಗುಮಳೆಯ ಕಾಲ. ತಲೆಯ ಮೇಲೆ ನೀಲಿ ಆಕಾಶ ಇದ್ದರೂ ದೂರದಲ್ಲೆಲ್ಲೋ ಸುರಿದ ನೀರು ಕಿರುಕಣಿವೆಯಲ್ಲಿ ಗೋಡೆಯಂತೆ ಬರಬಹುದು. 1997ರ ಆಗಸ್ಟ್‌ನಲ್ಲಿ ನೆರೆಯ ಅರಿಜೋನಾದ ಆಂಟೆಲೋಪ್ ಕಣಿವೆಯಲ್ಲಿ 11 ಪ್ರವಾಸಿಗರು ಸತ್ತದ್ದು ಹೀಗೆ. ಮುನ್ಸೂಚನೆಯಲ್ಲಿ ಮಳೆ ಅಂದಿದ್ದರೆ ಇಕ್ಕಟ್ಟಿನ ಕೊರಕಲಿಗೆ ಇಳಿಯಬೇಡಿ. ಗುಡುಗು ಕೇಳಿದರೆ ಗೋಡೆಬಂಡೆಯ ನೆತ್ತಿಯಿಂದಲೂ ಇಳಿದುಬಿಡಿ.

ವಾಪಸ್

ಕಾರಿನ ಬಳಿ ಬಂದ ಕೂಡಲೇ ಫೋನ್ ಮಾಡೋಣವೆಂದರೆ ಅಲ್ಲೂ ಸಿಗ್ನಲ್ ಇಲ್ಲದಿರಬಹುದು. ಡೆವಿಲ್ಸ್ ಗಾರ್ಡನ್‌ನಿಂದ ಉದ್ಯಾನದ ಬಾಗಿಲಿಗೇ ಮೂವತ್ತು ಕಿ.ಮೀ. ಹತ್ತಿರ ದಾರಿ ಇದೆ. ಆದ್ದರಿಂದ ಚೀಟಿಯ ಕೊನೆಯ ಸಾಲಿಗೆ ಗಂಟೆ ಬರೆಯುವಾಗ ಆ ಡ್ರೈವಿಂಗನ್ನೂ ಸೇರಿಸಿ, ಮೇಲೆ ಇನ್ನೊಂದು ಗಂಟೆ ಕೂಡಿಸಿ. ಊಟಕ್ಕೆ ಕೂರುವ ಮೊದಲು ಫೋನ್ ಮಾಡಿ, ‘ಬಂದೆ, ಚೀಟಿ ಹರಿದುಹಾಕು’ ಎಂದು ಹೇಳಿ.