ಬೆಂಗಳೂರಿನಲ್ಲಿ ಕಾಡುಪಾಪ ಹುಡುಕುವುದು ಹೇಗೆ: ನನ್ನ ಅನುಭವ

ಬೆಂಗಳೂರಿನಲ್ಲಿ ಕಾಡುಪಾಪ ಇದೆ ಅಂದರೆ ಈಗಲೂ ಎಷ್ಟೋ ಜನ ನಂಬುವುದಿಲ್ಲ. ಟಾಟಾ ಇನ್‌ಸ್ಟಿಟ್ಯೂಟ್ (ಭಾರತೀಯ ವಿಜ್ಞಾನ ಸಂಸ್ಥೆ) ಆವರಣದಲ್ಲಿದೆ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿದೆ, ಮಲ್ಲೇಶ್ವರದ ಹಳೇ ಮರಗಳ ಕಡೆಯೂ ಇದೆ. ಕಾಲು ಕೆಜಿ ಆಸುಪಾಸು ತೂಗುವ, ಬಾಲವಿಲ್ಲದ, ಸಣಕಲು ಕೈಕಾಲಿನ ಪ್ರಾಣಿ. ಮಂಗಗಳ ದೂರದ ನೆಂಟ. ಹಗಲೆಲ್ಲ ಬಳ್ಳಿ ಹಬ್ಬಿದ ಮರದಲ್ಲೋ ಬಿದಿರುಮೆಳೆಯಲ್ಲೋ ಮುದುರಿ ಮಲಗಿ, ಕತ್ತಲಾದ ಮೇಲೆ ಹೊರಡುತ್ತದೆ. ರಾತ್ರಿ ಅದನ್ನು ಹುಡುಕಿ ಎಣಿಸುವ ಸ್ವಯಂಸೇವಕರ ಜೊತೆ ಕೆಲವು ವರ್ಷಗಳಿಂದ ಓಡಾಡುತ್ತಿದ್ದೇನೆ.

ಬಿಳಿ ಟಾರ್ಚು ಬೇಡವೇ ಬೇಡ. ಅಷ್ಟು ದೊಡ್ಡ ಕಣ್ಣಿಗೆ ಅದು ಹಿಂಸೆ. ಹೆಡ್‌ಲ್ಯಾಂಪಿನ ಗಾಜಿಗೆ ಕೆಂಪು ಜಿಲೇಟಿನ್ ಪೇಪರ್ ಎರಡು ಪದರ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದರೆ ಆಯ್ತು, ಸ್ಟೇಷನರಿ ಅಂಗಡಿಯಲ್ಲೇ ಸಿಗುತ್ತದೆ. ಬೆಳಕು ಹಣೆಯ ಮೇಲೇ ಇರಬೇಕು, ಸೊಂಟದ ಹತ್ತಿರ ಕೈಯಲ್ಲಿ ಹಿಡಿದರೆ ಪ್ರಯೋಜನ ಇಲ್ಲ. ಕಾಡುಪಾಪದ ಕಣ್ಣಿನ ಒಳಗೆ ಬೆಳಕನ್ನು ವಾಪಸ್ ಕಳಿಸುವ ಒಂದು ಪದರ ಇದೆ. ಬಂದ ದಾರಿಯಲ್ಲೇ ಬೆಳಕು ಹಿಂದಿರುಗುತ್ತದೆ. ಆ ದಾರಿಯ ಪಕ್ಕದಲ್ಲಿ ನಮ್ಮ ಕಣ್ಣು ಇದ್ದರೆ ಮಾತ್ರ ಹೊಳಪು ಕಾಣುವುದು.

ಹೊಳೆದದ್ದೆಲ್ಲ ಕಾಡುಪಾಪ ಅಲ್ಲ. ಜೇಡದ ಕಣ್ಣು ಹೊಳೆಯುತ್ತದೆ, ಬಾವಲಿಯದೂ, ಬೆಕ್ಕಿನದೂ. ಕೆಂಪು ಪೇಪರ್ ಹಾಕಿದ ಮೇಲೆ ಎಲ್ಲವೂ ಕೆಂಪೇ, ಹಾಗಾಗಿ ಬಣ್ಣ ನಂಬುವ ಹಾಗಿಲ್ಲ. ನಾನು ನೋಡುವುದು ನಡಿಗೆಯನ್ನು. ಪುನುಗು ಬೆಕ್ಕಾದರೆ ದಪ್ಪ ಕೊಂಬೆಯ ಮೇಲೆ ಸರಸರ ಹೋಗಿಬಿಡುತ್ತದೆ. ಬಾವಲಿ ರೆಕ್ಕೆ ಬಡಿಯುತ್ತದೆ. ಹತ್ತಿರ ಹತ್ತಿರ ಇರುವ ಎರಡು ಚುಕ್ಕಿ ಆರಿ, ಸ್ವಲ್ಪ ಹೊತ್ತಿನ ಮೇಲೆ ಅಲ್ಲೇ ಒಂದು ಗೇಣು ಪಕ್ಕದಲ್ಲಿ ಮತ್ತೆ ಹೊತ್ತಿಕೊಂಡರೆ, ನಿಂತುಬಿಡಿ. ತಲೆ ತಿರುಗಿಸಿ ನೋಡುತ್ತಿದೆ ಅಂತ ಅರ್ಥ.

ಒಂದು ಹೊಂಗೆ ಮರದಲ್ಲಿ ನೋಡಿದ್ದು ಹೇಳಲೇಬೇಕು. ತುದಿಕೊಂಬೆಯಲ್ಲಿ ಮಿಡತೆ ಕೂತಿತ್ತು. ಕಾಡುಪಾಪ ಒಂದು ಕೈ ಮುಂದಿಟ್ಟು, ನಿಂತು, ಇನ್ನೊಂದು ಕೈ ಇಟ್ಟಿತು. ಎಲೆ ಕೂಡ ಅಲುಗಲಿಲ್ಲ. ಕೊನೆಗೆ ಹಿಂಗಾಲಲ್ಲಿ ಕೊಂಬೆ ಬಿಗಿಯಾಗಿ ಹಿಡಿದುಕೊಂಡು, ಮೈ ಪೂರ್ತಿ ಮುಂದಕ್ಕೆ ಚಾಚಿ, ಎರಡೂ ಕೈಯಲ್ಲಿ ಗಬಕ್ಕನೆ ಹಿಡಿಯಿತು. ತಲೆಯಿಂದ ಶುರು ಮಾಡಿ ಕರಕರ ಅಗಿದು ತಿಂದಿತು. ಅಷ್ಟು ಹೊತ್ತಿನ ನಿಧಾನವೆಲ್ಲ ಆ ಒಂದು ಕ್ಷಣಕ್ಕೆ.

ಆದರೆ ಕಾಡುಪಾಪ ಹಾರುವುದಿಲ್ಲ. ಈ ಊರಿನಲ್ಲಿ ಅದರ ಕಷ್ಟವೆಲ್ಲ ಇಲ್ಲಿಂದಲೇ ಶುರು. ಮಂಗ, ಅಳಿಲು ಜಿಗಿದು ದಾಟುವ ಕಡೆ ಇದಕ್ಕೆ ಕೊಂಬೆಗೆ ಕೊಂಬೆ ತಾಗಿರಲೇಬೇಕು. ಇಲ್ಲದಿದ್ದರೆ ನೆಲಕ್ಕಿಳಿಯಬೇಕು. ಕೆಳಗೆ ನಾಯಿ, ಬೆಕ್ಕು, ವಾಹನ. ಕೇಬಲ್ ವೈರ್ ಮೇಲೆ ನಡೆದು ದಾಟುವುದನ್ನೂ ಕಲಿತಿದೆ, ಮೆಚ್ಚಬೇಕು. ಅದೇ ವೈರು ಹೊದಿಕೆ ಇಲ್ಲದ ಕರೆಂಟ್ ತಂತಿಯಾದರೆ ಕಥೆ ಮುಗಿಯಿತು. ಹಾಗಾಗಿ ನಾವು ಪ್ರಾಣಿಯ ಜೊತೆಗೆ ಕೊಂಬೆಗಳನ್ನೂ ಬರೆದುಕೊಳ್ಳಲು ಶುರು ಮಾಡಿದೆವು. ಯಾವ ಮರ ಯಾವ ಮರಕ್ಕೆ ಎಲ್ಲಿ ತಾಗುತ್ತದೆ, ರಸ್ತೆ ಮೇಲೆ ಎಲ್ಲಿ ಕೂಡುತ್ತದೆ ಅಂತ ಕೈಯಲ್ಲೇ ಒಂದು ನಕ್ಷೆ. ಮಳೆಗಾಲಕ್ಕೆ ಮುಂಚೆ ಕೊಂಬೆ ಕಡಿಯಲು ಬರುವವರಿಗೆ ಅದನ್ನು ತೋರಿಸುತ್ತೇವೆ. "ಪೂರ್ತಿ ಬೋಳಿಸಬೇಡಿ ಅಣ್ಣ, ತಂತಿಗೆ ತಾಗೋದನ್ನ ತೆಗೀರಿ, ಈ ಒಂದು ಕೊಂಬೆ ಬಿಡಿ." ಕೆಲವರು ಬಿಡುತ್ತಾರೆ. ಕೆಲವರು ನಗುತ್ತಾ ಕಡಿಯುತ್ತಾರೆ. ಆವರಣಗಳ ಒಳಗಿನ ಮಾಲಿಗಳು ಮಾತ್ರ ಬೇಗ ಒಪ್ಪುತ್ತಾರೆ, ಬಳ್ಳಿ ಕೂಡ ಕೀಳದೆ ಬಿಡುತ್ತಾರೆ.

ಈ ಆವರಣಗಳ ಒಳಗೆ ರಾತ್ರಿ ಹೋಗಲು ಅನುಮತಿ ಪತ್ರ ಬೇಕು, ಅದಕ್ಕೆ ಅಲೆದಾಟ ಇದ್ದೇ ಇದೆ. ಒಳಗೆ ಬಿಟ್ಟ ಮೇಲೆ ನಾನು ಮೊದಲು ಕೇಳುವುದು ನೈಟ್ ಡ್ಯೂಟಿ ಸೆಕ್ಯುರಿಟಿಯವರನ್ನು. "ಪಾಪನಾ ಸಾರ್? ಮೊನ್ನೆ ಆ ಕಾಂಪೌಂಡ್ ಹತ್ರ ಸಿಳ್ಳೆ ಹಾಕ್ತಿತ್ತು" ಅಂತಾರೆ. ಅದರ ಕೂಗು ನಿಜಕ್ಕೂ ಜೋರು ಸಿಳ್ಳೆಯೇ. ಎಷ್ಟೋ ಸಲ ಕಣ್ಣಿಗಿಂತ ಮೊದಲು ಕಿವಿಗೇ ಸಿಕ್ಕಿದೆ.

ಫೋಟೋ ತೆಗೆದರೆ ಫ್ಲ್ಯಾಶ್ ಬೇಡ, ಹಾಕುವಾಗ ಯಾವ ಮರ, ಯಾವ ಅಡ್ಡರಸ್ತೆ ಅಂತ ಬರೆಯಬೇಡಿ. ಮಾಟಮಂತ್ರಕ್ಕೆ ಹಿಡಿಯುವವರು, ಸಾಕಲು ಮಾರುವವರು ಇನ್ನೂ ಇದ್ದಾರೆ. ವನ್ಯಜೀವಿ ಕಾಯ್ದೆಯ ಮೊದಲನೇ ಪರಿಚ್ಛೇದದಲ್ಲಿರುವ ಪ್ರಾಣಿ ಇದು, ಹಿಡಿಯುವುದೂ ಸಾಕುವುದೂ ಅಪರಾಧ.

ಮರದಲ್ಲಿ ಮರಿಯೊಂದೇ ಕಂಡರೆ ಅನಾಥ ಅಂತ ಎತ್ತಿಕೊಂಡು ಬರಬೇಡಿ. ತಾಯಿ ಅದನ್ನು ಕೊಂಬೆಗೆ ಅಂಟಿಸಿ ಮೇಯಲು ಹೋಗಿರುತ್ತದೆ, ವಾಪಸ್ ಬರುತ್ತದೆ. ನೆಲದಲ್ಲಿ ಗಾಯವಾಗಿ ಬಿದ್ದಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಕಚ್ಚುತ್ತದೆ. ಟವೆಲ್ ಹೊದಿಸಿ, ಗಾಳಿ ಆಡುವ ರಟ್ಟಿನ ಡಬ್ಬದಲ್ಲಿಟ್ಟು, ಕತ್ತಲೆ ಇರುವ ಕಡೆ ಇಡಿ. ಹಾಲು, ಬಾಳೆಹಣ್ಣು ಏನೂ ಕೊಡದೆ ಅರಣ್ಯ ಇಲಾಖೆಗೋ ಹತ್ತಿರದ ವನ್ಯಜೀವಿ ಚಿಕಿತ್ಸಾ ಕೇಂದ್ರಕ್ಕೋ ಫೋನ್ ಮಾಡಿ.